ಎಡಗಡೆಯ ಮಣೆ

ಫೆಬ್ರವರಿ ೩

ಗುಬ್ಬಿಗೆ, ಅಕ್ಕನಿಂದ.

ನಿನ್ನ ಕಾಗದ ತಲುಪಿತು. ಲಕೋಟೆ ದಪ್ಪಗಿತ್ತು, ಖುಷಿಯಿಂದ ಒಡೆದೆ. ನೀನು ಚೆನ್ನಾಗಿದ್ದೀಯ ಎನ್ನುವುದಕ್ಕೆ ಎರಡು ಸಾಲು, ಉಳಿದದ್ದೆಲ್ಲ ಆ ಮ್ಯೂಸಿಯಂ ಹೆಂಗಸಿನ ಪುರಾಣ. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡೇ ಊಟಕ್ಕೆ ಬರುತ್ತಾಳಂತೆ, ಎಳೆ ನೋಡುವಾಗ ಉಸಿರು ಬಿಗಿ ಹಿಡಿಯುತ್ತಾಳಂತೆ, ನಿನ್ನನ್ನು ‘ನಮ್ಮ ನೇಕಾರಮ್ಮ’ ಎಂದು ಕರೆಯುತ್ತಾಳಂತೆ. ಯಾರ ನೇಕಾರಮ್ಮ? ನಿನಗೆ ನೂಲು ಕುಟ್ಟುವ ಹಣಿಗೆ ಹಿಡಿಯಲು ಕಲಿಸಿದ್ದು ಅಮ್ಮ, ತಪ್ಪಿದಾಗ ಬೆರಳಿಗೆ ಕುಟ್ಟಿದ್ದು ನಾನು. ಅವಳಿಗೆ ಗಾಜಿನಕಣ್ಣು ಎಂದು ಹೆಸರಿಟ್ಟಿದ್ದೇನೆ. ಇನ್ನು ಮೇಲೆ ನೀನೂ ಹಾಗೇ ಬರೆ. ಅವಳ ನಿಜವಾದ ಹೆಸರು ಓದಿದರೆ ನನಗೆ ಎದೆಯುರಿ ಬರುತ್ತದೆ.

ಮರೆಯಬೇಡ, ಅವಳು ಮೊದಲು ಕರೆದದ್ದು ನನ್ನನ್ನು. ಹಳೆಯ ಕಾಲದ ದೊಡ್ಡ ಡೇರೆಯೊಂದರ ನೆಲಹಾಸು ಸಿಕ್ಕಿದೆ, ಕುದುರೆ ತುಳಿದರೂ ಜಗ್ಗದಂಥ ಬಟ್ಟೆ, ಹೇಗೆ ನೇಯ್ದಿದ್ದಾರೋ ತಿಳಿಯಬೇಕು, ಇಷ್ಟು ದಪ್ಪದ್ದನ್ನು ಕೈಯಲ್ಲಿ ನೇಯುವವರು ಈಗ ಸಿಗುವುದಿಲ್ಲ, ಮೂರು ತಿಂಗಳ ಮಟ್ಟಿಗೆ ಬನ್ನಿ ಎಂದಿದ್ದಳು. ‘ನಂಗೆ ಮಗ್ಗ ಬಿಟ್ಟು ಬರೋಕಾಗಲ್ಲ, ಬೇಕಾದ್ರೆ ನನ್ನ ತಂಗೀನ ಕಳಿಸ್ತೀನಿ’ ಎಂದೆ. ‘ನಾನ್ಯಾಕಕ್ಕ, ನಂಗೇನು ಗೊತ್ತಾಗುತ್ತೆ’ ಎಂದು ನೀನು ಒಂದು ವಾರವಾದರೂ ರಾಗ ಎಳೆಯುತ್ತೀಯ, ಆಗ ನಾನೇ ಹೊರಟರಾಯಿತು ಎಂದುಕೊಂಡಿದ್ದೆ. ನೀನು ಅವತ್ತು ಸಂಜೆಯೇ ಚೀಲ ತುಂಬಿದೆ.

ಇಲ್ಲಿ ನಾಟಕ ಮಂದಿರದ ವೇದಿಕೆ ಹಾಸು ಅರ್ಧಕ್ಕೆ ನಿಂತಿದೆ. ದೊಡ್ಡ ಮಗ್ಗ, ಎರಡು ಮಣೆ, ಕೂರಲು ನಾನೊಬ್ಬಳು. ನಿನ್ನ ಹಣಿಗೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನಿಮ್ಮ ಭಾವ ನಿನ್ನ ಮಣೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು, ಎಬ್ಬಿಸಿ ಕಳಿಸಿದೆ.

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಸರಿಯಾಗಿ ಜಗಳವಾಡಲು ಬರುವುದಿಲ್ಲ. ಬರೆ.

ಅಕ್ಕ

*

ಫೆಬ್ರವರಿ ೧೬

ಅಕ್ಕಾ,

ಬೈಯಬೇಡ, ಚೀಲ ತುಂಬಿದ್ದು ನಿಜ. ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಎಲ್ಲರೂ ಕರೆಯುವುದು ನಿನ್ನನ್ನೇ.

ಈ ಸಲ ಹಾಸಿನ ಬಗ್ಗೆ ಬರೆಯುತ್ತೇನೆ. ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಗೋಡೆ ತುಂಬ ಕಬ್ಬಿಣದ ಕಪಾಟು, ನಡುವೆ ಹತ್ತು ಜನ ಮಲಗಬಹುದಾದ ಮೇಜು, ಅದರ ಮೇಲೆ ಅವನು. ಅವನು ಎನ್ನುತ್ತಿದ್ದೇನೆ ನೋಡು, ಅಷ್ಟು ಭಾರ. ಸುರುಳಿ ಬಿಚ್ಚಲು ಆರು ಜನ ಬೇಕಾಯಿತು. ಹುರಿ ಹಗ್ಗದಂಥ ಹತ್ತಿ ನೂಲು, ಬಣ್ಣ ಹೋಗಿ ಮಣ್ಣಿನ ಹಾಗಾಗಿದೆ, ಒಂದು ಮೂಲೆಯಲ್ಲಿ ಲಾಳದ ಗುರುತೂ ಇದೆ. ಮಧ್ಯದಲ್ಲಿ ಉದ್ದಕ್ಕೂ ಓರೆ ಗೆರೆಗಳು. ಇಲ್ಲಿನ ಮುಖ್ಯಸ್ಥರು, ದೊಡ್ಡವರು ಎನ್ನುತ್ತೇವೆ, ಅದನ್ನು ಹರಿದು ಹೊಲಿದ ಗೆರೆ ಎಂದು ನಂಬಿಕೊಂಡಿದ್ದರು. ಗಾಜಿನಕಣ್ಣು ಮಾತ್ರ ನಾನು ಬರುವ ಮೊದಲೇ, ‘ಹೊಲಿದಿದ್ರೆ ಸೂಜಿ ತೂತು ಎಲ್ಲಿ ಸಾರ್?’ ಎಂದು ಅವರ ಹತ್ತಿರ ವಾದ ಹಾಕಿದ್ದಳಂತೆ. ಅವಳ ಕಣ್ಣು ಬಹಳ ಚುರುಕು, ಅಕ್ಕ. ನೀನು ನೋಡಿದ್ದರೆ ಮೆಚ್ಚುತ್ತಿದ್ದೆ.

ನಾನು ಗೆರೆಯ ಮೇಲೆ ಬೆರಳಾಡಿಸಿದೆ, ಒಂದೇ ಸಲಕ್ಕೆ ಗೊತ್ತಾಯಿತು. ನಾವು ದಿನಾ ಮಾಡುವುದೇ! ದೊಡ್ಡವರಿಗೆ ಹೀಗೆ ಹೇಳಿದೆ: ‘ಅಗಲದ ಹಾಸನ್ನ ಇಬ್ರು ಪಕ್ಕಪಕ್ಕ ಕೂತು ನೇಯ್ತಾರೆ ಸಾರ್. ಅಡ್ಡ ಹಾಕೋ ಹೊಕ್ಕಿನ ನೂಲು ಈ ತುದಿಯಿಂದ ಆ ತುದಿಗೆ ಹೋಗಲ್ಲ. ಒಬ್ಬೊಬ್ರು ತಮ್ಮ ಅರ್ಧ ತುಂಬಿ, ಮಧ್ಯದಿಂದ ತಿರುಗಿಸಿಕೊಂಡು ಬರ್ತಾರೆ. ಇಬ್ರೂ ಪ್ರತಿ ಸಾಲಲ್ಲೂ ಒಂದೇ ಉದ್ದದ ಎಳೆಯ ಹತ್ರ ತಿರುಗಿಸಿದ್ರೆ ಮಧ್ಯದಲ್ಲಿ ಸೀಳು ಬಿಡುತ್ತೆ. ಅದಕ್ಕೆ ಮುಂದೆ ಹೋಗೋರು ಸಾಲಿಗೊಂದು ಎಳೆ ಹಿಂದೆ ಸರೀತಾ ಹೋಗ್ಬೇಕು. ಅವರದು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರಾಗುತ್ತೆ. ಪಕ್ಕದೋರು ಆಮೇಲೆ ಬಂದು ಅದರ ಮೇಲೆ ತಮ್ಮದನ್ನ ಕೂರಿಸ್ತಾರೆ. ಆ ಇಳಿಜಾರೇ ಈ ಗೆರೆ.’ ಯಾರದು ಕೆಳಗಿದೆಯೋ ಅವರು ಮೊದಲು ನೇಯ್ದವರು, ಯಾರದು ಮೇಲಿದೆಯೋ ಅವರು ಕಾದವರು. ದೊಡ್ಡವರು ನನಗೆ ಚಹಾ ತರಿಸಿದರು.

ಇನ್ನೊಂದು ವಿಷಯ. ಈ ಹಾಸಿನಲ್ಲಿ ಗೆರೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲುತ್ತದೆ. ಸರದಿಯ ಮೇಲೆ ಮುಂದೆ ಹೋಗಿದ್ದಾರೆ. ನಮ್ಮ ಹಾಸುಗಳಲ್ಲಿ ಗೆರೆಯೆಲ್ಲ ಒಂದೇ ಕಡೆಗೆ ಅಲ್ಲವೇ? ಒಂದು ಜಾಗದಲ್ಲಿ ಮಾತ್ರ ಬಲಗಡೆಯವಳು ಎಡಗಡೆಯವಳಿಗೆ ಕಾಯದೆ ಬಹಳ ಎತ್ತರಕ್ಕೆ ಒಬ್ಬಳೇ ಹೋಗಿಬಿಟ್ಟಿದ್ದಾಳೆ. ಎಡಗಡೆಯವಳಿಗೆ ಕಾಯಿಲೆ ಬಂದಿರಬೇಕು ಎನ್ನುತ್ತಾಳೆ ಗಾಜಿನಕಣ್ಣು. ನಿನಗೇನು ಅನ್ನಿಸುತ್ತದೆ?

ಪರೀಕ್ಷೆಗೆಂದು ಕೋಣೆಯಲ್ಲೇ ಒಂದು ಮಗ್ಗ ನಿಲ್ಲಿಸಿಕೊಂಡು ತುಣುಕು ನೇಯುತ್ತಿದ್ದೇವೆ. ನಾನು ಎಡಗಡೆ. ದೀಪ ಬಲಗಡೆ ಇರುವುದರಿಂದ ಅಲ್ಲಿ ಗಾಜಿನಕಣ್ಣು ಕೂರುತ್ತಾಳೆ.

ಗುಬ್ಬಿ

*

ಫೆಬ್ರವರಿ ೨೬

ಗುಬ್ಬಿ,

ಬಲಗಡೆ ಕೂರುತ್ತಾಳೆ. ಎಷ್ಟು ಸಲೀಸಾಗಿ ಬರೆದಿದ್ದೀಯ! ದೀಪ ಆ ಕಡೆ ಇದೆಯಂತೆ. ದೀಪವನ್ನು ಎತ್ತಿ ಈ ಕಡೆ ಇಡಲು ಅಲ್ಲಿ ಯಾರಿಗೂ ಕೈಯಿಲ್ಲವೇ?

ಗಟ್ಟಿ ಕೈ ಬಲಗಡೆ, ಮೆತ್ತನೆ ಕೈ ಎಡಗಡೆ ಎಂದು ನಮ್ಮನ್ನು ಕೂರಿಸಿದ್ದು ಅಮ್ಮ. ನಿನ್ನ ಬಲಗಡೆ ನನ್ನನ್ನು ಬಿಟ್ಟು ಇನ್ನೊಬ್ಬರು ಕೂತದ್ದಿಲ್ಲ. ನನಗೆ ಹೊಟ್ಟೆಕಿಚ್ಚು ಎಂದು ನೀನು ನಗುತ್ತಿರಬಹುದು. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡಲು ನನಗೇನು ದರ್ದು? ಭೂತಗನ್ನಡಿ ಇಲ್ಲದೆ ಹಣಿಗೆಯ ಹಲ್ಲು ಕಾಣದವಳು ನನ್ನ ಜಾಗದಲ್ಲಿ ಕೂತು ಕುಟ್ಟುತ್ತಾಳೆ, ನೀನು ಪಕ್ಕದಲ್ಲಿ ಕೂತು ಅವಳ ಕಣ್ಣು ಚುರುಕು ಎನ್ನುತ್ತೀಯ. ನನ್ನ ಯಾವುದನ್ನು ನೀನು ಚುರುಕು ಎಂದಿದ್ದೀಯ, ನಾಲಿಗೆಯನ್ನು ಬಿಟ್ಟು?

ಕಾಯಿಲೆಯಂತೆ ಕಾಯಿಲೆ. ಬಲಗಡೆಯವಳಿಗೆ ಸಿಟ್ಟು ಬಂದಿತ್ತು, ಅಷ್ಟೇ. ಪಕ್ಕದವಳು ಎದ್ದು ಎಲ್ಲಿಗೋ ಹೋದಳು, ಇವಳು ಹಲ್ಲು ಕಚ್ಚಿಕೊಂಡು ಕುಟ್ಟಿದಳು. ನಿಮ್ಮ ದೊಡ್ಡವರಿಗೆ ಹೇಳು. ನನಗೆ ಚಹಾ ಬೇಡ.

ನಮ್ಮ ಗೆರೆಯೆಲ್ಲ ಒಂದೇ ಕಡೆಗೆ, ಅಂದರೆ ಯಾವಾಗಲೂ ನಾನೇ ಮುಂದೆ ಎಂದು ಚುಚ್ಚಿದ ಹಾಗಿದೆ. ಮುಂದೆ ಹೋಗುವವರು ಇದ್ದರೆ ತಾನೇ ಕೆಲಸ ಮುಗಿಯುವುದು?

ನನ್ನ ಬಗ್ಗೆ ಚಿಂತೆ ಬೇಡ. ಎದುರುಮನೆಯ ಸೊಸೆ ಚೂಟಿಯನ್ನು ಎಡಗಡೆ ಕೂರಿಸಿಕೊಂಡಿದ್ದೇನೆ. ಹೇಳಿಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಮಾಡುತ್ತಾಳೆ, ಎದುರು ಮಾತಾಡುವುದಿಲ್ಲ. ಹಾಸು ಸರಸರನೆ ಏಳುತ್ತಿದೆ.

ನೀವು ನೇಯ್ದ ತುಣುಕನ್ನು ಕಳಿಸು, ನೋಡೋಣ.

ಅಕ್ಕ

*

ಮಾರ್ಚ್ ೧೦

ಅಕ್ಕಾ,

ತುಣುಕು ಕಳಿಸಿದ್ದೇನೆ. ನೋಡಿ ಬರೆ.

ಚೂಟಿಗೆ ನನ್ನ ಹಣಿಗೆ ಕೊಟ್ಟಿದ್ದೀಯ? ಅದರ ಹಿಡಿಗೆ ನಾನು ಸುತ್ತಿದ ಬಟ್ಟೆಯನ್ನು ಬಿಚ್ಚಬೇಡ ಎಂದು ಹೇಳು. ನನ್ನ ಮಣೆಯ ಒಂದು ಕಾಲು ಗಿಡ್ಡ, ಕೆಳಗೆ ರಟ್ಟು ಮಡಚಿ ಇಟ್ಟುಕೊಳ್ಳಬೇಕು. ಅದೂ ಅವಳಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ, ಚೂಟಿ ಅಲ್ಲವೇ.

ಇಲ್ಲಿ ನನ್ನನ್ನು ಕಾಯಂ ಆಗಿ ಇರು ಎನ್ನುತ್ತಿದ್ದಾರೆ. ಕಪಾಟುಗಳಲ್ಲಿ ಹೆಸರಿಲ್ಲದೆ ಮಲಗಿರುವ ದಪ್ಪ ಬಟ್ಟೆ ರಾಶಿ ಇದೆ: ಹಾಯಿಬಟ್ಟೆ, ಕುದುರೆ ಜೀನಿನ ಪಟ್ಟಿ, ಗಾಡಿಯ ಹೊದಿಕೆ. ಒಂದೊಂದನ್ನೂ ನೋಡಿ, ಹೇಗೆ ನೇಯ್ದದ್ದು ಎಂದು ಹೇಳಬೇಕು. ಏಪ್ರಿಲ್ ಮುಗಿಯುವುದರೊಳಗೆ ಉತ್ತರ ಕೊಡಬೇಕಂತೆ. ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಗುಬ್ಬಿ

*

ಮಾರ್ಚ್ ೨೧

ಗುಬ್ಬಿ,

ಪೊಟ್ಟಣ ಬಂದು ಮೂರು ದಿನವಾಯಿತು. ಬಿಚ್ಚಿದೆ, ಕಿಟಕಿಯ ಹತ್ತಿರ ಇಟ್ಟು ನೋಡಿದೆ, ತಿರುಗಿಸಿ ನೋಡಿದೆ, ಮುಚ್ಚಿಟ್ಟೆ, ಮತ್ತೆ ತೆಗೆದೆ. ನಿಮ್ಮ ಭಾವ, ‘ಏನೇ, ತುಣುಕು ಬಟ್ಟೇನ ಅಷ್ಟು ಹೊತ್ತು ನೋಡ್ತೀಯ, ಮಾತಾಡುತ್ತಾ ಅದು?’ ಎಂದರು. ಮಾತಾಡುತ್ತದೆ. ಅವರಿಗೆ ಕೇಳಿಸುವುದಿಲ್ಲ.

ಮೊದಲು ಎಡಗಡೆ. ನಿನಗೆ ನಾಚಿಕೆಯಾಗಬೇಕು. ಹೊಕ್ಕು ಸಡಿಲ, ನಡುನಡುವೆ ಒಳಗಿನ ಉದ್ದದ ಎಳೆ ಇಣುಕುತ್ತಿದೆ, ಅಂಚು ಒಳಕ್ಕೆ ಸೆಳೆದಿದೆ. ಮೆತ್ತನೆ ಕೈ ಬೇರೆ, ಸೋಮಾರಿ ಕೈ ಬೇರೆ. ಚಹಾ ಕುಡಿದು ಕುಡಿದು ಕೈ ಹೀಗಾಗಿದೆ.

ಇನ್ನು ಬಲಗಡೆ. ಬರೆಯಲು ಮನಸ್ಸಿಲ್ಲ, ಆದರೆ ನೇಯ್ಗೆಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಒಳ್ಳೆಯ ಕೈ. ಉಗುರು ತೂರಿಸಿದರೂ ಹೋಗುವುದಿಲ್ಲ, ಅಷ್ಟು ಒತ್ತಾಗಿ ಕೂತಿದೆ. ಏಟು ಎಲ್ಲೂ ತಪ್ಪಿಲ್ಲ. ಗೆರೆಯೂ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಅಂದರೆ ಗಾಜಿನಕಣ್ಣು ನನ್ನ ಹಾಗೆ ಕುಟ್ಟುತ್ತಾಳೆ, ಸಾಲದ್ದಕ್ಕೆ ನಿನಗಾಗಿ ಕಾಯುತ್ತಾಳೆ ಕೂಡ. ಕೆಲವೇ ವಾರಗಳಲ್ಲಿ ಕಲಿತಳೇ? ನಾನು ಹಣಿಗೆ ಹಿಡಿದು ಕೈ ಜಡ್ಡುಗಟ್ಟಿಸಿಕೊಂಡದ್ದು ಮೂವತ್ತು ವರ್ಷ. ಆ ತುಣುಕನ್ನು ಒಲೆಗೆ ಹಾಕೋಣ ಎಂದು ಒಯ್ದಿದ್ದೆ. ಅಷ್ಟು ಚೆನ್ನಾಗಿ ನೇಯ್ದದ್ದನ್ನು ಸುಡಲು ಕೈ ಬರಲಿಲ್ಲ, ಅದಕ್ಕೂ ಹೊಟ್ಟೆ ಉರಿಯಿತು.

ಅಕ್ಕನನ್ನು ಕೇಳುತ್ತೇನೆ ಎಂದಿದ್ದೀಯ. ನನ್ನನ್ನು ಏನು ಕೇಳುವುದು? ಅಂಥ ಬಲಗೈ ಸಿಕ್ಕ ಮೇಲೆ ನನ್ನಿಂದ ನಿನಗೆ ಆಗಬೇಕಾದದ್ದೇನು? ಅಲ್ಲೇ ಇರು. ಚೆನ್ನಾಗಿರು. ವೇದಿಕೆ ಹಾಸನ್ನು ನಾನೊಬ್ಬಳೇ ಮುಗಿಸುತ್ತೇನೆ.

ಅಕ್ಕ

*

ಏಪ್ರಿಲ್ ೧

ಅಕ್ಕಾ,

ನಿನ್ನ ಕಾಗದವನ್ನು ಗಾಜಿನಕಣ್ಣಿಗೆ ಓದಿ ಹೇಳಿದೆ. ಸಿಟ್ಟು ಮಾಡಿಕೋ, ಓದಿದೆ. ಏಕೆಂದರೆ ನೀನು ಬೈದದ್ದೆಲ್ಲ ಅವಳನ್ನು. ಎಡಗಡೆ ಅವಳದು. ‘ನಿಮ್ಮಕ್ಕ ಸರಿಯಾಗೇ ಹೇಳಿದ್ದಾರೆ, ಅಂಚು ಒಳಕ್ಕೆ ಎಳ್ಕೊಂಡಿದೆ’ ಎಂದು ಅವಳು ಭೂತಗನ್ನಡಿ ಹಿಡಿದು ತನ್ನ ತಪ್ಪನ್ನು ತಾನೇ ನೋಡಿಕೊಂಡಳು.

ಬಲಗಡೆ ಕೂತದ್ದು ನಾನು.

ನೀನು ಚೂಟಿಯನ್ನು ನನ್ನ ಮಣೆಯ ಮೇಲೆ ಕೂರಿಸಿದೆ ಎಂದು ಬರೆದೆಯಲ್ಲ, ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಜಾಗದಲ್ಲಿ ಯಾರೋ ಕೂತರೆ ನಾನು ಅಕ್ಕನ ಜಾಗದಲ್ಲೇ ಕೂರುತ್ತೇನೆ ಎಂದು ಹಠ ಬಂತು. ದೀಪವನ್ನು ಎತ್ತಿ ಎಡಕ್ಕಿಟ್ಟು ಅವಳನ್ನು ಆ ಕಡೆ ಕಳಿಸಿದೆ. ಬಲಗಡೆ ಕೂತು ಹಣಿಗೆ ಎತ್ತಿದೆ. ಕೈಗೆ ಗೊತ್ತಿತ್ತು, ಅಕ್ಕ. ಎರಡು ಸಣ್ಣ ಏಟು, ಒಂದು ದೊಡ್ಡದು, ಆಮೇಲೆ ಬಾಯಲ್ಲಿ ‘ಹ್ಞಂ’. ಇಷ್ಟು ವರ್ಷ ಪಕ್ಕದಲ್ಲೇ ಕೂತು ಕೇಳಿಸಿಕೊಂಡದ್ದು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು, ನಿಲ್ಲಿಸಲಿಲ್ಲ.

ಜಾಗ ಬದಲಾದದ್ದನ್ನು ಬೇಕೆಂದೇ ಬರೆಯಲಿಲ್ಲ. ನನ್ನ ಕೈಯನ್ನು ನೀನು ಗುರುತು ಹಿಡಿಯುತ್ತೀಯೋ ಇಲ್ಲವೋ ನೋಡಬೇಕಿತ್ತು. ಯಾವ ಕಾಲದವರೋ ನೇಯ್ದ ಹಾಸನ್ನು ಮುಟ್ಟಿ ಯಾರು ಮೊದಲು, ಯಾರು ಆಮೇಲೆ ಎಂದು ಹೇಳಬಲ್ಲವರು ನಾವು. ನೀನು ನನ್ನ ಕೈಯನ್ನು ಅವಳದೆಂದು ಹೊಗಳಿದೆ, ಅವಳ ಕೈಯನ್ನು ನನ್ನದೆಂದು ಉಗಿದೆ. ಎಡಗಡೆ ಕಂಡ ಕೂಡಲೇ ಗುಬ್ಬಿ, ಸಡಿಲವಿದ್ದರೆ ಗುಬ್ಬಿ. ಒಳ್ಳೆಯದಿದ್ದರೆ ಇನ್ಯಾರೋ. ನಾನು ಅತ್ತುಬಿಟ್ಟೆ. ಅದನ್ನು ಹೇಳಿಬಿಡುತ್ತೇನೆ.

ಇನ್ನೊಂದು. ‘ನಾನೊಬ್ಬಳೇ ಮುಗಿಸುತ್ತೇನೆ’ ಎಂದಿದ್ದೀಯ. ಒಬ್ಬಳೇ ಏಕೆ? ಹೇಳಿದ್ದನ್ನು ಕಣ್ಣಿಗೊತ್ತಿಕೊಳ್ಳುವ ಚೂಟಿ ಎಲ್ಲಿ ಹೋದಳು?

ಗುಬ್ಬಿ

*

ಏಪ್ರಿಲ್ ೧೧

ಗುಬ್ಬಿ,

ಚೂಟಿ ಒಂದು ಬೆಳಗ್ಗೆ ಬಂದಳು, ಮಧ್ಯಾಹ್ನಕ್ಕೆ ಹೋದಳು. ‘ಅಕ್ಕೋರೇ, ನಿಮ್ಮ ಹಣಿಗೆಗಿಂತ ನಿಮ್ಮ ಬಾಯೇ ಜೋರು’ ಎಂದಳು. ನಿನ್ನ ಹಣಿಗೆ ಅವಳಿಗೆ ಕೊಟ್ಟಿರಲಿಲ್ಲ. ಅದು ಎಣ್ಣೆಬಟ್ಟೆಯಲ್ಲೇ ಇದೆ. ನಿನ್ನನ್ನು ಉರಿಸೋಣ ಎಂದು ಬರೆದೆ. ಉರಿದೆ ಎಂದು ತಿಳಿದು ಮೊದಲು ಖುಷಿಯಾಯಿತು, ಅದಾದ ಮೇಲೆ ಬೊಕ್ಕೆಯ ವಿಷಯ ಓದಿದೆ.

ತುಣುಕನ್ನು ಮತ್ತೆ ನೋಡಿದೆ. ಈಗ ಕಾಣುತ್ತದೆ. ಅಂಚಿನಲ್ಲಿ ನೂಲು ತಿರುಗಿಸುವಾಗ ನೀನು ಹೆಬ್ಬೆರಳಿನಿಂದ ಒಂದು ಸಲ ಒತ್ತುತ್ತೀಯ. ಅಮ್ಮ ಬೇಡವೆಂದರೂ ಬಿಡಲಿಲ್ಲ. ಆ ಗುಳಿ ಬಲ ಅಂಚಿನಲ್ಲಿ ಪ್ರತಿ ಸಾಲಿಗೂ ಇದೆ, ಕುರುಡಿಗೂ ಗೊತ್ತಾಗಬೇಕು. ಗಾಜಿನಕಣ್ಣಿನ ಹೆಸರು ತಲೆಯಲ್ಲಿ ತುಂಬಿಕೊಂಡು ನೋಡಿದೆ, ಕಾಣಲಿಲ್ಲ. ಮೂವತ್ತು ವರ್ಷದ ಕೆಲಸ, ಒಂದು ಹೊಟ್ಟೆಕಿಚ್ಚಿಗೆ ನೀರುಪಾಲಾಯಿತು.

ಇನ್ನು ನಗಬೇಡ. ವೇದಿಕೆ ಹಾಸಿನಲ್ಲಿ ನಾನು ಏನು ಮಾಡಿಟ್ಟಿದ್ದೇನೆ ಎಂದು ಹೇಳುತ್ತೇನೆ. ಪೊಟ್ಟಣ ಬಂದ ದಿನದಿಂದ ಒಬ್ಬಳೇ ಕುಟ್ಟಿದೆ. ಗಾಜಿನಕಣ್ಣು ನೆನಪಾದಾಗಲೆಲ್ಲ ಒಂದು ಸಾಲು. ಸಾಲಿಗೊಂದು ಎಳೆ ಹಿಂದೆ ಸರಿದೆ, ಕೈ ತಾನಾಗಿ ಸರಿಯುತ್ತದಲ್ಲ. ನೀನು ಬಂದು ಮೇಲೆ ಕೂರಿಸುತ್ತೀಯ ಎಂದು ಕೈಗೆ ಅಭ್ಯಾಸ. ನೀನು ಬರುವುದಿಲ್ಲ ಎಂದು ತಲೆಗೆ ಸಿಟ್ಟು. ಸರಿಯುತ್ತ ಸರಿಯುತ್ತ ನನ್ನ ಅರ್ಧ ಕಿರಿದಾಗಿ ಕಿರಿದಾಗಿ, ಮೊನ್ನೆ ಬಲ ಅಂಚಿಗೆ ಬಂದು ನಿಂತೆ. ಒಂದೇ ಎಳೆ ಉಳಿದಿದೆ. ಇನ್ನು ನೇಯಲು ನನಗೆ ಜಾಗವಿಲ್ಲ. ಮಗ್ಗದಲ್ಲಿ ನನ್ನದೊಂದು ದೊಡ್ಡ ಇಳಿಜಾರು, ಅದರ ಪಕ್ಕ ಖಾಲಿ ಎಳೆಗಳು ನಿಂತಿವೆ. ನಿಮ್ಮ ಭಾವ ನೋಡಿ, ‘ಜಾರುಬಂಡಿ ಮಾಡಿದೀಯ’ ಎಂದರು. ಇಂಥ ತಪ್ಪನ್ನು ಹೊಸಬರೂ ಮಾಡುವುದಿಲ್ಲ. ಹೊಸಬರಿಗೆ ಇಷ್ಟು ಸಿಟ್ಟು ಇರುವುದಿಲ್ಲ.

ನಾನೇ ಎಡಗಡೆ ಕೂತು ತುಂಬೋಣ ಎಂದು ನಿನ್ನ ಮಣೆಯ ಮೇಲೆ ಕೂತೆ. ರಟ್ಟು ಇಡುವುದು ಮರೆತು ಬೀಳುವುದರಲ್ಲಿದ್ದೆ. ಅಲ್ಲಿ ಕೂತರೆ ಕಿಟಕಿಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಇಷ್ಟು ವರ್ಷ ನೀನು ಕಣ್ಣು ಕಿರಿದು ಮಾಡಿದಾಗಲೆಲ್ಲ ನನ್ನ ಮೇಲೆ ಸಿಡುಕು ಎಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಬಾರದಿತ್ತೇ? ಈಗ ಅಲ್ಲೊಂದು ಪರದೆ ಕಟ್ಟಿದ್ದೇನೆ. ಕೂತಲ್ಲಿಂದ ಎದ್ದುಬಿಟ್ಟೆ, ಒಂದು ಸಾಲೂ ಹಾಕಲಿಲ್ಲ. ಅದು ನಾನು ತುಂಬುವ ಜಾಗವಲ್ಲ.

ಅಲ್ಲೇ ಇರು ಎಂದು ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಹಾಸನ್ನು ಮಗ್ಗದಿಂದ ಇಳಿಸಿಲ್ಲ ಎಂದು ಮಾತ್ರ ಹೇಳುತ್ತೇನೆ.

ಅಕ್ಕ

*

ಏಪ್ರಿಲ್ ೨೦

ಅಕ್ಕಾ,

ಜಾರುಬಂಡಿಯನ್ನು ನೆನೆದು ನಕ್ಕೆ. ನಗುತ್ತಲೇ ಕಣ್ಣೊರೆಸಿಕೊಂಡೆ. ಪರದೆ ಕಟ್ಟಿದ್ದು ಓದಿದಾಗ.

ನಿನ್ನ ಕಾಗದ ಬಂದ ಮೇಲೆ ಹಳೆಯ ಹಾಸಿನ ಆ ಉದ್ದದ ಇಳಿಜಾರನ್ನು ಇನ್ನೊಮ್ಮೆ ನೋಡಿದೆವು. ನೀನು ಹೇಳಿದ್ದೇ ಸರಿ ಇರಬೇಕು. ಅಲ್ಲಿ ಬಲಗಡೆಯ ಏಟು ಬೇರೆಲ್ಲ ಕಡೆಗಿಂತ ಜೋರಾಗಿದೆ, ಮೇಲೆ ಹೋದ ಹಾಗೆ ಇನ್ನೂ ಜೋರು. ಸಿಟ್ಟೇ. ಗಾಜಿನಕಣ್ಣು ಒಪ್ಪಿದಳು. ಆದರೆ ಅದರ ಮೇಲೆ ಎಡಗಡೆಯವಳು ಕೂರಿಸಿದ್ದಾಳೆ, ಅಕ್ಕ. ಬುಡದಿಂದ ತುದಿಯವರೆಗೆ, ಒಂದು ಸಾಲೂ ಬಿಡದೆ. ಎಲ್ಲಿಗೆ ಹೋಗಿದ್ದಳೋ, ತಿರುಗಿ ಬಂದಿದ್ದಾಳೆ. ಅಲ್ಲಿಂದ ಮೇಲಕ್ಕೆ ಗೆರೆ ಎಡಕ್ಕೆ ವಾಲುತ್ತದೆ. ಎಡಗಡೆಯವಳು ಮುಂದೆ, ಬಲಗಡೆಯವಳು ಹಿಂದೆ.

ನಾನೂ ಬರುತ್ತೇನೆ. ಮುಂದಿನ ವಾರ ಹೊರಡುತ್ತೇನೆ. ನಿನ್ನ ಇಳಿಜಾರನ್ನು ಪೂರ್ತಿ ತುಂಬಿಕೊಡುತ್ತೇನೆ.

ಆದರೆ ಎರಡೂ ಅರ್ಧ ಒಂದೇ ಮಟ್ಟಕ್ಕೆ ಬಂದ ಮೇಲೆ ನಾನು ಮುಂದೆ ಹೋಗುತ್ತೇನೆ. ನೀನು ಕಾಯಬೇಕು. ಇದನ್ನು ಎದುರಿಗೆ ಹೇಳಲು ನನಗೆ ಯಾವತ್ತೂ ಧೈರ್ಯ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗ್ಗದಲ್ಲೂ ಅಷ್ಟೇ, ಮ್ಯೂಸಿಯಂ ವಿಷಯದಲ್ಲೂ ಅಷ್ಟೇ. ಅವರಿಗೆ ಹೂಂ ಎಂದಿದ್ದೇನೆ, ವರ್ಷದಲ್ಲಿ ಅರ್ಧ ಮಾತ್ರ. ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ನಿನ್ನ ಎಡಗಡೆ. ನಾನು ಇಲ್ಲಿರುವಾಗ ನೀನು ಸಣ್ಣ ಮಗ್ಗದಲ್ಲಿ ಏನು ಬೇಕಾದರೂ ನೇಯ್ದುಕೋ, ದೊಡ್ಡದರಲ್ಲಿ ಒಬ್ಬಳೇ ಕೂರಬೇಡ. ನನಗೂ ಹೊಟ್ಟೆಕಿಚ್ಚಿದೆ. ಚೂಟಿ ಇಲ್ಲವೆಂದು ತಿಳಿದ ಮೇಲೂ ಅವಳ ಮೇಲಿನ ಸಿಟ್ಟು ಇಳಿದಿಲ್ಲ.

ಗಾಜಿನಕಣ್ಣು ನನ್ನ ಜೊತೆ ಬರುತ್ತಾಳಂತೆ. ಆ ಇಳಿಜಾರನ್ನು ತುಂಬುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕಂತೆ, ನಿನ್ನನ್ನೂ ನೋಡಬೇಕಂತೆ. ಬರಲೇ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಗುಬ್ಬಿ

*

ಏಪ್ರಿಲ್ ೨೫

ಗುಬ್ಬಿ,

ಬಾ.

ಅರ್ಧ ವರ್ಷ ಎಂದು ಓದಿದ ಕೂಡಲೇ ಕಾಗದ ಮಡಚಿಟ್ಟು ಹೊರಗೆ ಹೋಗಿ ಬಂದೆ. ಕಾಯುತ್ತೇನೆ. ಬಾಯಿ ಮುಚ್ಚಿಕೊಂಡು ಕಾಯುತ್ತೇನೆ ಎಂದು ಮಾತ್ರ ಮಾತು ಕೊಡಲಾರೆ. ಅಲ್ಲಿಗೆ ವಾರಕ್ಕೊಂದು ಕಾಗದ ಬರುತ್ತದೆ, ಬೈಗುಳವೆಲ್ಲ ಅದರಲ್ಲಿರುತ್ತದೆ.

ನಿನ್ನ ಹಣಿಗೆಗೆ ಇವತ್ತು ಹೊಸದಾಗಿ ಎಣ್ಣೆ ಹಚ್ಚಿದೆ. ಮಣೆಯ ಗಿಡ್ಡ ಕಾಲಿಗೆ ನಿಮ್ಮ ಭಾವ ಮರದ ತುಂಡು ಹೊಡೆದುಕೊಟ್ಟಿದ್ದಾರೆ, ಇನ್ನು ರಟ್ಟು ಬೇಡ.

ಗಾಜಿನಕಣ್ಣು ಧಾರಾಳವಾಗಿ ಬರಲಿ. ಊಟ ಹಾಕುತ್ತೇನೆ, ಇಳಿಜಾರು ತೋರಿಸುತ್ತೇನೆ, ಬೇಕಾದರೆ ಅಂಚು ಒಳಕ್ಕೆ ಎಳೆಯದ ಹಾಗೆ ನೇಯುವುದನ್ನೂ ಹೇಳಿಕೊಡುತ್ತೇನೆ. ಕೂರಲು ಚಾಪೆ ಹಾಕುತ್ತೇನೆ ಎಂದು ಈಗಲೇ ಹೇಳಿಬಿಡು. ಮಣೆ ಇರುವುದು ಎರಡೇ.

ಅಕ್ಕ